ತೊಟ್ಟಿಲ ಗಿಳಿಗಳ ಬೆನ್ನು ಹತ್ತಿ

ನಿವೃತ್ತಿ ಎಂದರೆ ಬಿಳಿ ಕೂದಲು, ಪಿಂಚಣಿ, ಕೊರಳಿಗೆ ಹಾರ. ನನಗೆ ಈ ಮೂರೂ ಇಲ್ಲ. ಮೂವತ್ತು ತುಂಬುವ ಮುನ್ನವೇ ಕೆಲಸ ಬಿಟ್ಟೆ. ಮದುವೆಯಾದ ಹೆಣ್ಣು ಊರೂರು ತಿರುಗುವ ಕೆಲಸದಲ್ಲಿ ಇರಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಆ ವಿಷಯ ಅಷ್ಟು ಸಾಕು.

ನನ್ನ ಜಾಗಕ್ಕೆ ಬಳ್ಳಾರಿಯಿಂದ ಇನ್ನೊಬ್ಬ ಹುಡುಗಿ ಬರುತ್ತಾಳಂತೆ. ಕೆಲಸವೇನೆಂದು ಆಕೆ ಕೇಳಿದಾಗ ಸಮಿತಿಯವರು, "ಹಳೆಯ ಸಾಮಾನು ಕೂಡಿಸಿ ಅದಕ್ಕೆ ಚೀಟಿ ಬರೆಯುವುದು" ಎಂದರಂತೆ. ಅದು ನಿಜ. ಮದುವೆ ಎಂದರೆ ಊಟ ಎನ್ನುವಷ್ಟೇ ನಿಜ. ಉಳಿದದ್ದನ್ನು ಆಕೆಗಾಗಿ ಇಲ್ಲಿ ಬರೆದಿದ್ದೇನೆ.

ಹೊಸಪೇಟೆಯ ಕೆಲವು ಹಿರಿಯರು ಸೇರಿ, ಸುತ್ತಿನ ಊರುಗಳ ಹಳೆಯ ವಸ್ತುಗಳನ್ನು ಒಂದೆಡೆ ಇಡಬೇಕೆಂದು ಸಮಿತಿ ಮಾಡಿಕೊಂಡಿದ್ದರು. ಕಾಳಿನ ಅಂಗಡಿಯೊಂದರ ಮೇಲಿನ ಕೋಣೆ ಅದಕ್ಕೆ ಸಿಕ್ಕಿತ್ತು. ವಸ್ತುಗಳನ್ನು ಹುಡುಕುವವರು ಚನ್ನಬಸಪ್ಪಜ್ಜ. ಹಿತ್ತಾಳೆ ಪಾತ್ರೆಯ ಅಂಗಡಿಯನ್ನು ತಮ್ಮನ ಮಕ್ಕಳಿಗೆ ಬಿಟ್ಟುಕೊಟ್ಟು, ತಾವು ಹಳೆಯ ಬೀಗ, ದೀಪ, ಅಡಕತ್ತಿಗಳ ಹಿಂದೆ ಬಿದ್ದವರು. ಹೆಂಡತಿ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮದರಾಸಿನಿಂದ ಬರುವ ದೊಡ್ಡವರಿಗೆ ಇಂಗ್ಲಿಷಿನಲ್ಲಿ ಚೀಟಿ ಬೇಕೆಂದು ಬಿ.ಎ. ಮಾಡಿದ ನನ್ನನ್ನು ತೆಗೆದುಕೊಂಡರು. ಬಡ್ತಿಯ ಮಾತು ಇಲ್ಲಿ ಬರುವುದಿಲ್ಲ. ಇದ್ದವರು ನಾವಿಬ್ಬರೇ; ನನಗೆ ಬಡ್ತಿ ಸಿಗಬೇಕಾದರೆ ಅಜ್ಜ ಸಾಯಬೇಕಾಗಿತ್ತು. ಹಾಗೆಂದು ಅವರೇ ಒಮ್ಮೆ ಹೇಳಿ, "ಅವಸರ ಮಾಡಬ್ಯಾಡವ್ವ" ಎಂದು ಸೇರಿಸಿದ್ದರು.

ಮೊದಲ ವರ್ಷ ನಾವಿಬ್ಬರೇ ತಿರುಗಿದೆವು. ಹಂಪಿ ಬಜಾರದ ಕಲ್ಲುಮಂಟಪಗಳಲ್ಲಿ ಆಗ ಸಂಸಾರಗಳಿದ್ದವು. ಒಬ್ಬ ಮುದುಕ, ಕೊಡೆ ಹಿಡಿದ ಒಬ್ಬ ಹುಡುಗಿ, ಬಂದು ಹಳೆಯ ಸಾಮಾನು ಇದೆಯೇ ಎಂದು ಕೇಳಿದರೆ ಜನ ಏನು ತಿಳಿಯಬೇಕು? ನಿಧಿ ತೆಗೆಯುವವರೆಂದು ತಿಳಿದರು.

"ಅಂಜನ ಯಾರು ಹಾಕತೀರಿ, ಅಜ್ಜಾರ? ನೀವೋ, ಈ ಕನ್ನಡಕದಾಕಿಯೋ?" ಎಂದು ಒಬ್ಬ ಹೆಂಗಸು ಕೇಳಿದಳು.

"ಆಕಿ ಮದ್ರಾಸಿನಾಗ ಓದಿದಾಕಿ. ಆಕಿಗೆ ಅಂಜನ ಬ್ಯಾಡ, ಕನ್ನಡಕದಾಗ ಕಾಣತೈತಿ" ಎಂದರು ಅಜ್ಜ.

ಈ ಹಾಸ್ಯಕ್ಕೆ ನಾವು ಬೆಲೆ ತೆರಬೇಕಾಯಿತು. ಆ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದವು. ಮುಂದಿನ ವಾರ ಹೋದಾಗ, ನಾವು ನಿಂತು ನೀರು ಕುಡಿದಿದ್ದ ಜಾಗವನ್ನು ಯಾರೋ ಮೊಣಕಾಲು ಆಳ ಅಗೆದು ನೋಡಿದ್ದರು.

ಆಮೇಲೆ ನಮ್ಮ ಕೆಲಸದ ರೀತಿ ಬದಲಾಯಿತು. ಮಕ್ಕಳನ್ನು ಕರೆದುಕೊಂಡು ಹೋಗತೊಡಗಿದೆವು. ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡ್ಗಿಯ ಗಂಗಿ ಮತ್ತು ಅವಳ ದೊಡ್ಡಪ್ಪನ ಮಗ ಬಸ್ಯಾ ಇವರಲ್ಲಿ ಮುಖ್ಯರು. ಸಂಜೆ ನನ್ನ ಬಳಿ ಇಂಗ್ಲಿಷ್ ಅಕ್ಷರ ತಿದ್ದಲು ಬರುತ್ತಿದ್ದ ಕಾರಣ ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಮನೆಯಲ್ಲಿ ಏನಿದೆಯೆಂದು ಯಜಮಾನನಿಗೆ ಗೊತ್ತಿರುವುದಿಲ್ಲ. ಕಣ್ಣುಮುಚ್ಚಾಲೆ ಆಡಿದವರಿಗೆ ಗೊತ್ತಿರುತ್ತದೆ. ನಾನು ಹೊಸಿಲ ಹೊರಗೆ ನಿಂತು ಸಮಿತಿಯ ಉದ್ದೇಶ ವಿವರಿಸುತ್ತಿರುವಾಗ ಗಂಗಿ ಒಳಗೆ ಹೋಗಿ, "ಯವ್ವಾ, ನಿಮ್ಮ ಅಟ್ಟದ ಮ್ಯಾಲ ಕಿವಿ ಹರಿದ ಹಂಡೆ ಐತಲ್ಲ, ಅದರ ಹಿಂದ ಏನೈತಿ?" ಎಂದು ಕೇಳಿ ಮುಗಿಸಿರುತ್ತಿದ್ದಳು.

ಮಕ್ಕಳಿಂದ ಅಪಾಯವೂ ಇತ್ತು. ಹಸಿರುಗಟ್ಟಿದ ಹಳೆಯ ತಾಮ್ರದ ನಾಣ್ಯಗಳು ಒಮ್ಮೆ ಕಮಲಾಪುರದಲ್ಲಿ ಸಿಕ್ಕವು. ಕಾಯುವ ಕೆಲಸ ಬಸ್ಯಾನದು. ಅವನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಫಳಫಳ ಮಾಡಿ, "ಅಜ್ಜಾ ನೋಡು, ಹೊಸಾವು ಮಾಡೀನಿ!" ಎಂದು ತಂದು ಸುರಿದ. ಮೇಲಿನ ಅಕ್ಷರಗಳು ಹುಣಸೆಹಣ್ಣಿನ ಜತೆ ಹೋಗಿದ್ದವು.

ಅಜ್ಜ ಒಂದನ್ನು ಎತ್ತಿ ಎರಡೂ ಬದಿ ತಿರುಗಿಸಿದರು. "ಭಾಳ ಚಲೋ ಮಾಡಿದಿ. ಇನ್ನ ಇವು ಮತ್ತ ಹಳೇವು ಆಗೋತನಕ ಕಾಯಬೇಕು. ನೀ ಕುಂದರತೀಯೋ, ನಾ ಕುಂದರಲೋ?"

ಇನ್ನು ನಮ್ಮ ಅಧ್ಯಕ್ಷರು. ಒಳ್ಳೆಯವರು, ಆದರೆ ಹಂಪಿಯ ರಾಯರ ಕಾಲದ್ದಲ್ಲದ ವಸ್ತು ಅವರ ಕಣ್ಣಿಗೆ ಕಾಣುತ್ತಿರಲಿಲ್ಲ. ಏನು ತಂದರೂ ಮೊದಲ ಪ್ರಶ್ನೆ, "ರಾಯರ ಕಾಲದ್ದೇನು?" ಅಜ್ಜನಿಗೆ ಇನ್ನೊಂದು ಹಟ. ಯಾವ ವಸ್ತುವನ್ನೇ ಆಗಲಿ ಅದರ ಕೆಲಸಕ್ಕೆ ಹಚ್ಚಿ ನೋಡದೆ ಒಳಗಿಡುತ್ತಿರಲಿಲ್ಲ. ದೀಪ ತಂದರೆ ಹೊತ್ತಿಸಬೇಕು, ಅಡಕತ್ತಿ ತಂದರೆ ಅಡಿಕೆ ಕತ್ತರಿಸಬೇಕು. "ಕೆಲಸ ಮಾಡದಾಗ ಎಲ್ಲಾ ಸಾಮಾನೂ ಒಂದ ಥರ ಕಾಣತಾವು, ಮನಷ್ಯಾರ ಹಂಗ" ಎನ್ನುತ್ತಿದ್ದರು.

ಸೊಂಡೂರಿನಿಂದ ತಂದ ದೊಡ್ಡ ಕಬ್ಬಿಣದ ಬೀಗವನ್ನು ಅವರು ಹೀಗೆಯೇ ನಮ್ಮ ಕೋಣೆಯ ಬಾಗಿಲಿಗೆ ಹಾಕಿ ನೋಡಿದರು. ಬೀಗ ಮುಚ್ಚಿಕೊಂಡಿತು, ಕೀಲಿ ತಿರುಗಲಿಲ್ಲ. ಅಧ್ಯಕ್ಷರು ಒಳಗೆ ಪತ್ರಿಕೆ ಓದುತ್ತಿದ್ದರು. ಕಮ್ಮಾರ ಸುತ್ತಿಗೆ ಹಿಡಿದು ಬಂದಾಗ ಅಜ್ಜ ಬಾಗಿಲಿಗೆ ಬಾಯಿಟ್ಟು ಕೇಳಿದರು: "ಸಾಹೇಬ್ರ, ಒಡೀಬೇಕಂದ್ರ ನಿಮ್ಮ ಅಪ್ಪಣೆ ಬೇಕು. ಇದು ರಾಯರ ಕಾಲದ್ದ ಇದ್ದರೂ ಇರಬಹುದು."

"ಅಲ್ಲ, ಅಲ್ಲ! ಇತ್ತೀಚಿನದು! ಒಡೀರಿ!" ಎಂಬ ದನಿ ಒಳಗಿಂದ ಬಂತು. ಒಂದು ವಸ್ತು ರಾಯರ ಕಾಲದ್ದಲ್ಲವೆಂದು ಅವರು ತಾವಾಗಿ ಒಪ್ಪಿದ್ದು ಅದೊಂದೇ ಸಲ.

ಇವೆಲ್ಲ ಸಿಕ್ಕ ವಸ್ತುಗಳ ಮಾತಾಯಿತು. ಸಿಗದೆ ನಮ್ಮನ್ನು ಓಡಾಡಿಸಿದ್ದು ಒಂದು ಗಿಳಿ ಸರಪಳಿ.

ತೊಟ್ಟಿಲು ತೂಗುಹಾಕುವ ಹಿತ್ತಾಳೆಯ ನಾಲ್ಕು ಸರಪಳಿಗಳು, ಮೇಲೆ ಒಂದೇ ಬಳೆಗೆ ಕೂಡಿಕೊಂಡಿದ್ದವು. ಒಂದೊಂದರ ನಡುವೆಯೂ ಒಂದೊಂದು ಗಿಳಿ. ಚಿತ್ತವಾಡ್ಗಿಯ ಒಂದು ಬಳಗದವರದು ಅದು. ಆದರೆ ಯಾರ ಮನೆಯಲ್ಲಿಯೂ ಇರುತ್ತಿರಲಿಲ್ಲ. ಆ ಸರಪಳಿಯಲ್ಲಿ ತೂಗಿದ ಕೂಸು ಉಳಿಯುತ್ತದೆಂಬ ನಂಬಿಕೆ. ಹಾಗಾಗಿ ಒಂದು ಮನೆಯ ಕೂಸು ತೊಟ್ಟಿಲು ಬಿಟ್ಟ ಕೂಡಲೇ ಇನ್ನೊಂದು ಮನೆಯವರು ಬಂದು ಒಯ್ಯುತ್ತಿದ್ದರು. ಅಜ್ಜ ತಮ್ಮ ಪ್ರಾಯದಲ್ಲಿ ಅದನ್ನು ಒಂದೇ ಸಲ ಕಂಡಿದ್ದರಂತೆ. ಅಂಥ ಎರಕ ಈಗ ಹೊಯ್ಯುವವರಿಲ್ಲ, ಸಾಯುವುದರೊಳಗೆ ಅದು ನಮ್ಮ ಕೋಣೆಗೆ ಬರಬೇಕು ಎನ್ನುತ್ತಿದ್ದರು. ಸೊಂಡೂರಿನಲ್ಲಿದೆ ಎಂದು ಗಂಗಿ ಸುದ್ದಿ ತಂದು ನಾವು ಹೋದರೆ, ಅದು ಗಾದಿಗನೂರಿಗೆ ಹೋಗಿರುತ್ತಿತ್ತು. ಅಜ್ಜ ಕೊನೆಗೆ ಗಂಗಿಯ ಅಜ್ಜಿ ನೀಲಮ್ಮನನ್ನೇ ಕೇಳಿದರು. ಬಳಗದಲ್ಲಿ ಆಕೆಯ ಮಾತೇ ಕೊನೆಯ ಮಾತು.

"ಕೊಡೂಣಂತ್ರಿ," ಎಂದಳು ನೀಲಮ್ಮ, ಎಲೆಗೆ ಸುಣ್ಣ ಹಚ್ಚುತ್ತ. "ನಮ್ಮ ಬಳಗದಾಗ ಬಸುರಿ ಯಾರೂ ಇಲ್ಲದ ದಿನ ಬಂದು ಒಯ್ರಿ."

ಅಜ್ಜ ಇದನ್ನು ನಿರಾಕರಣೆಯೆಂದು ತಿಳಿಯಲಿಲ್ಲ, ವಾಯಿದೆಯೆಂದು ತಿಳಿದರು. ಪ್ರತಿ ಹಬ್ಬಕ್ಕೂ ಹೋಗಿ, "ಹೆಂಗ್ರಿ, ಈಗ?" ಎಂದು ಕೇಳುತ್ತಿದ್ದರು. ಊರಿನ ಹೆಂಗಸರು ಅವರನ್ನು ಕಂಡರೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಒಂದು ಮಧ್ಯಾಹ್ನ ನಾವಿಬ್ಬರೂ ಅಜ್ಜನ ಮನೆಯಲ್ಲಿ ದೀಪಗಳಿಗೆ ಚೀಟಿ ಕಟ್ಟುತ್ತಿದ್ದಾಗ ಗಂಗಿ ಮತ್ತು ಬಸ್ಯಾ ಏದುಸಿರು ಬಿಡುತ್ತ ಬಂದರು. ಬಸ್ಯಾನ ತೋಳಿನ ಮೇಲೆ ಸರಪಳಿ ಇತ್ತು.

"ಎಲ್ಲಿದಲೇ ಇದು?" ಎಂದರು ಅಜ್ಜ.

"ಗಾದಿಗನೂರು ಈರಣ್ಣ ಮಾಮಾ ಕಂಪ್ಲಿಗೆ ಒಯ್ಯಾಕತ್ತಾನ. ನಮ್ಮನ್ಯಾಗ ಉಂಡು ಮಲಗ್ಯಾನ" ಎಂದಳು ಗಂಗಿ. "ಅವ ಏಳೂದ್ರೊಳಗ ನೋಡಿ ಕೊಡು ಅಜ್ಜಾ. ಜಲ್ದಿ!"

ಅಜ್ಜ ನೋಡಿದರು. ಬರೀ ನೋಡಿ ಕೊಟ್ಟಿದ್ದರೆ ನಾನು ಇದನ್ನು ಬರೆಯುವ ಅಗತ್ಯವಿರಲಿಲ್ಲ. ಆದರೆ ಅವರ ಪದ್ಧತಿ ನಿಮಗೆ ಗೊತ್ತಿದೆ. ಸ್ಟೂಲು ಹತ್ತಿ ಪಡಸಾಲೆಯ ಕೊಂಡಿಗೆ ಸರಪಳಿ ಸಿಕ್ಕಿಸಿದರು. ಇಳಿದು ಬಂದು ಒಂದು ಬೆರಳಿನಿಂದ ತಳ್ಳಿದರು. ಸರಪಳಿ ತೂಗಿತು. ಗಿಳಿಗಳು ಒಂದನ್ನೊಂದು ಮುಟ್ಟಿ ಸಣ್ಣಗೆ ದನಿ ಮಾಡಿದವು. ನಾವು ನಾಲ್ವರೂ ಬಾಯಿ ತೆರೆದು ನೋಡುತ್ತಿದ್ದಾಗ ಬಾಗಿಲಲ್ಲಿ ಈರಣ್ಣ ಕಾಣಿಸಿಕೊಂಡ. ಎದ್ದು, ಸರಪಳಿ ತೂಗುಹಾಕಿದ್ದ ಗೂಟ ಖಾಲಿ ಕಂಡು, ಹುಡುಗರ ಜಾಡು ಹಿಡಿದು ಬಂದಿದ್ದ.

ಬೈಯುತ್ತಾನೆಂದುಕೊಂಡೆ. ಅವನು ಬೈಯಲಿಲ್ಲ, ಹೊಸಿಲ ಮೇಲೆ ಕುಕ್ಕರಿಸಿ ತಲೆ ಹಿಡಿದುಕೊಂಡ.

"ಖಾಲಿ ತೂಗಿದ್ರ್ಯಾ?" ಎಂದ. "ಮಕ್ಕಳಿಲ್ಲದ ಮನ್ಯಾಗ, ಖಾಲಿ?"

ಖಾಲಿ ತೊಟ್ಟಿಲು ತೂಗಬಾರದು, ತೂಗಿದರೆ ಕೂಸಿಗೆ ಕೇಡು ಎಂಬುದು ಹುಟ್ಟಿದ ಕೂಸಿಗೂ ಗೊತ್ತಿರುವ ಮಾತು. ಅಜ್ಜನಿಗೂ ಗೊತ್ತಿತ್ತು. ಅವರ ಕಣ್ಣಿಗೆ ಆ ಹೊತ್ತು ಅದು ತೊಟ್ಟಿಲಿನದಾಗಿರಲಿಲ್ಲ, ಬರೀ ಎರಕವಾಗಿತ್ತು.

"ಇನ್ನ ಇದನ್ನ ಕಂಪ್ಲಿಗೆ ಹೆಂಗ ಒಯ್ಯಲಿ? ಹೊಳ್ಳಿ ಗಾದಿಗನೂರಿಗೂ ಒಯ್ಯಾಕ ಬರೂದಿಲ್ಲ. ಯಾರೂ ಮುಟ್ಟೂದಿಲ್ಲ" ಎಂದು ಈರಣ್ಣ ಎದ್ದು ನಿಂತ. "ಇಟಗೊಳ್ರಿ. ನಿಮಗ ಬೇಕಾಗಿತ್ತಲ್ಲ, ನೀವ ಇಟಗೊಳ್ರಿ."

ಎಷ್ಟೋ ಹಬ್ಬಗಳಿಂದ ಕೇಳಿ ಸಿಗದಿದ್ದದ್ದು ಹೀಗೆ ಸಿಕ್ಕಿತು. ಅಜ್ಜ ಕದಿಯಬೇಕಾಗಿರಲಿಲ್ಲ, ಬೇಡಬೇಕಾಗಿರಲಿಲ್ಲ. ಸುಮ್ಮನೆ ಕುಳಿತಿದ್ದರೆ ಸಾಕಾಗಿತ್ತು. ಆ ವಾರವೇ ಅಧ್ಯಕ್ಷರು ಮದರಾಸಿನವರೊಬ್ಬರನ್ನು ಕೋಣೆ ತೋರಿಸಲು ಕರೆತರುವವರಿದ್ದರು. ಅಜ್ಜ ಒಂದು ಗಿಳಿಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಅದರ ರೆಕ್ಕೆಯ ಗೀರುಗಳ ಮೇಲೆ ಹೆಬ್ಬೆರಳು ಆಡಿಸುತ್ತ ನಿಂತರು.

"ಕಂಪ್ಲ್ಯಾಗ ಯಾರಿಗೆ?" ಎಂದು ಅಜ್ಜ ಕೇಳಿದರು.

"ಅಕ್ಕಿ ಗಿರಣಿ ಗೌರಮ್ಮನ ಸೊಸಿ ಪಾರ್ವತಿಗ್ರಿ. ನಾಳೆ ಹೆಸರಿಡೂದು." ಈರಣ್ಣ ದನಿ ತಗ್ಗಿಸಿದ. "ಇದು ಮೂರನೇ ಕೂಸು. ಮೊದಲಿನ ಎರಡೂ ನಿಲ್ಲಲಿಲ್ಲ. ಗಿಳಿ ಬರೋತನಕ ಕೂಸಿನ್ನ ನೆಲಕ್ಕ ಹಾಕೂದಿಲ್ಲ ಅಂತ ಮಡಲಾಗ ಇಟಗೊಂಡು ಕುಂತಾಳಂತ ಆ ಹುಡುಗಿ."

ಅಜ್ಜ ಗಿಳಿಯನ್ನು ಬಿಟ್ಟರು.

"ಲೇ ಬಸ್ಯಾ, ನಿಮ್ಮ ಅಜ್ಜಿನ್ನ ಕರಕೊಂಡು ಬಾ. ಓಡು."

ನೀಲಮ್ಮ ಬಂದಳು. ಸರಪಳಿಯನ್ನೂ ಅಜ್ಜನನ್ನೂ ಮೇಲಿಂದ ಕೆಳಗೆ ನೋಡಿದಳು. "ಖಾಲಿ ತೂಗೀರಿ. ತುಂಬಿ ಕೊಡ್ರಿ" ಎಂದಳು.

"ಏನ ತುಂಬಲಿ ಯವ್ವಾ? ಈ ವಯಸ್ಸಿನಾಗ?"

"ಅದಕ್ಕ ವಯಸ್ಸು ಯಾಕ ಬೇಕ್ರಿ? ಹೆಸರಿಡೂಮುಂದ ಕೂಸಿಗಿಂತ ಮೊದಲ ತೊಟ್ಟಿಲಾಗ ಯಾರು ಮಲಗತಾರ? ಗುಂಡುಕಲ್ಲು. ತರ್ರಿ, ಗುಂಡುಕಲ್ಲಿಗೆ ಹೆಸರಿಡೂಣು. ಈ ಮನ್ಯಾಗ ಒಂದು ಕೂಸು ಮಲಗಿತ್ತು ಅಂತ ಆಗತೈತಿ. ಆದರ ಒಂದು ಮಾತು. ಕದ್ದು ಮುಚ್ಚಿ ಮಾಡಿದರ ನಡಿಯೂದಿಲ್ಲ. ಓಣಿ ಹೆಣ್ಮಕ್ಕಳೆಲ್ಲಾ ಬರಬೇಕು, ನೀವು ತಂದಿಯಾಗಿ ಗುಗ್ಗರಿ ಹಂಚಬೇಕು. ನಾಳೆ ಕಂಪ್ಲಿಗೂ ನೀವ ಒಯ್ದು ಕೊಡಬೇಕು."

ಊರಿಗೆಲ್ಲ ಗೌರವಸ್ಥರಾದ ಮುದುಕರು ಕಲ್ಲಿನ ತಂದೆಯಾಗಬೇಕು. ಅಜ್ಜ ಟೋಪಿ ತೆಗೆದು, ತಲೆ ಸವರಿಕೊಂಡು, ಮತ್ತೆ ಹಾಕಿಕೊಂಡರು. "ಕಡಲಿ ಎಷ್ಟು ನೆನಿ ಹಾಕಬೇಕು?" ಎಂದು ಕೇಳಿದರು.

"ನೆನಿಯಾಕ ಹೊತ್ತೆಲ್ಲೈತ್ರಿ, ಹೆಸರುಕಾಳು ಕುದಿಸ್ರಿ" ಎಂದಳು ನೀಲಮ್ಮ.

ಮನೆಯಲ್ಲಿ ಒರಳೂ ಇರಲಿಲ್ಲ, ಗುಂಡೂ ಇರಲಿಲ್ಲ. ಅಜ್ಜನ ಊಟ ಖಾನಾವಳಿಯದು. ಇದ್ದ ಒಂದೇ ಗುಂಡುಕಲ್ಲು, ನಮ್ಮ ಕೋಣೆಯಲ್ಲಿ ಅಧ್ಯಕ್ಷರು ರಾಯರ ಕಾಲದ ಫಿರಂಗಿ ಗುಂಡೆಂದು ಮದರಾಸಿನವರಿಗಾಗಿ ಮೀಸಲಿಟ್ಟಿದ್ದದ್ದು. ಗಂಗಿ ಅದಕ್ಕೆ ಎಣ್ಣೆ ಹಚ್ಚಿ, ತನ್ನ ತಮ್ಮನ ಕುಲಾವಿ ತೊಡಿಸಿದಳು. ತಮ್ಮನ ತೊಟ್ಟಿಲನ್ನೂ ಬಿಚ್ಚಿ ತಂದಳು. ಅವನು ಸಾಯಂಕಾಲವಿಡೀ ಅದಕ್ಕಾಗಿ ಅತ್ತ. ಓಣಿಯ ಹೆಂಗಸರು ಕರೆಯುವ ಮೊದಲೇ ಬಂದು ಪಡಸಾಲೆ ತುಂಬಿದರು.

"ತಂದಿ ಬಣ್ಣ ಬಂದೈತಿ ನೋಡ್ರೆ."

"ಬಣ್ಣ ತಂದೀದು, ತೂಕ ಯಾರದೋ!"

ಹೆಸರು ಕರೆಯುವುದು ಸೋದರತ್ತೆಯ ಹಕ್ಕು. ಅಜ್ಜನಿಗೆ ಅಕ್ಕತಂಗಿಯರಿರಲಿಲ್ಲ. ಹೆಂಗಸರು ಸುತ್ತಲೂ ಕಣ್ಣಾಡಿಸಿದರು. ಏನು ಬರಲಿದೆಯೆಂದು ನನಗೆ ತಿಳಿಯಿತು; ಚೀಟಿ ಕಟ್ಟುವ ದಾರ ಹುಡುಕುವವಳಂತೆ ಬಗ್ಗಿದೆ.

"ಅಕ್ಕಾರ ಅದಾರಲ್ಲ!" ಎಂದಳು ಗಂಗಿ.

ಮದರಾಸಿನಲ್ಲಿ ನಾನು ತರ್ಕಶಾಸ್ತ್ರವನ್ನೂ ಓದಿದ್ದೇನೆ. ಕಲ್ಲಿನ ಕಿವಿಯಲ್ಲಿ ಹೇಗೆ ಪಿಸುಗುಟ್ಟಬೇಕೆಂದು ಅದರಲ್ಲಿ ಇರಲಿಲ್ಲ. "ಕಿವಿ ಯಾವ ಕಡೆ?" ಎಂದು ಕೇಳಿದೆ; ನಿಜವಾಗಿ ತಿಳಿಯಬೇಕೆಂದೇ ಕೇಳಿದೆ. ಹೆಂಗಸರು ನಕ್ಕದ್ದು ಇನ್ನೂ ನೆನಪಿದೆ. ನೀಲಮ್ಮ ಕಲ್ಲನ್ನು ತಿರುಗಿಸಿ ಒಂದು ಬದಿ ತೋರಿಸಿದಳು. ನಾನು ಬಗ್ಗಿ, ವಾಡಿಕೆಯಂತೆ ಕುರ್ ಎಂದು, ಹೊಳೆದ ಮೊದಲ ಹೆಸರು ಕರೆದೆ: ಗುಂಡಪ್ಪ. ಹೆಸರು ಕರೆದವಳ ಬೆನ್ನಿಗೆ ಗುದ್ದುವುದು ಪದ್ಧತಿ. ನಾನು ಅಕ್ಷರ ತಿದ್ದಿಸಿದ ಹುಡುಗಿಯರೂ ಅಲ್ಲಿದ್ದರು. ಅವರ ಗುದ್ದು ಉಳಿದವರ ಗುದ್ದಿಗಿಂತ ಗಟ್ಟಿಯಾಗಿತ್ತು.

ಜೋಗುಳ ನಡೆದಿದ್ದಾಗ ಅಧ್ಯಕ್ಷರು ಯಾವುದೋ ಕೆಲಸಕ್ಕೆ ಬಂದವರು ಬಾಗಿಲಲ್ಲಿ ನಿಂತುಬಿಟ್ಟರು. ಕುಲಾವಿಯೊಳಗಿನ ಮುಖವನ್ನು ಗುರುತಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಅದು... ಅದು ರಾಯರ ಕಾಲದ್ದು!" ಎಂದರು.

"ಹೌದ್ರಿ ಸಾಹೇಬ್ರ. ಹೆಸರಿಡೂದು ಭಾಳ ತಡ ಆತು" ಎಂದು ಅಜ್ಜ ಅವರ ಕೈಗೆ ಗುಗ್ಗರಿ ಹಾಕಿದರು.

ಮರುದಿನ ಬೆಳಿಗ್ಗೆ ನಾವು ಕಂಪ್ಲಿಯ ಬಸ್ಸು ಹತ್ತಿದೆವು: ಅಜ್ಜ, ಈರಣ್ಣ, ಗಂಗಿ, ನಾನು. ಯುದ್ಧದ ಕಾಲ, ಬಸ್ಸು ಓಡುತ್ತಿದ್ದದ್ದು ಇದ್ದಿಲಿನ ಗ್ಯಾಸಿನಿಂದ. ಏರು ಬಂದಲ್ಲೆಲ್ಲ ನಾವು ಇಳಿದು ನಡೆಯುತ್ತಿದ್ದೆವು. ಅಜ್ಜ ಸರಪಳಿಯನ್ನು ರವಿಕೆಯ ಖಣದಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಿದ್ದರು. ಅದರೊಡನೆ ಅವರು ಕಳೆದದ್ದು ಅಷ್ಟೇ ಹೊತ್ತು. ಅವರು ಅದನ್ನು ಬಿಚ್ಚಿ ನೋಡಲಿಲ್ಲ.

ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. ಏರಿನಲ್ಲಿ ನಾವು ಇಳಿದಾಗ ಯಾರೋ ಸೈಕಲ್ಲಿನವನು ಮುಂದೆ ಹೋಗಿದ್ದನಂತೆ. ಗೌರಮ್ಮ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ನಿಂತಿದ್ದಳು. ಬರ್ರಿ ಎನ್ನಲಿಲ್ಲ, ಕುಂದ್ರಿ ಎನ್ನಲಿಲ್ಲ. ಅವಳ ಹಿಂದೆ, ಒಳಗಿನ ಕೋಣೆಯ ಅರೆತೆರೆದ ಬಾಗಿಲಲ್ಲಿ, ಮಡಿಲಲ್ಲಿ ಕೂಸಿಟ್ಟುಕೊಂಡ ಪಾರ್ವತಿ ಕಾಣುತ್ತಿದ್ದಳು. ನೋಡಿದರೆ ಇನ್ನೂ ಹುಡುಗಿ. ನಮ್ಮನ್ನು ನೋಡದೆ ಅಜ್ಜನ ಕೈಯಲ್ಲಿದ್ದ ಗಂಟನ್ನು ನೋಡುತ್ತಿದ್ದಳು.

"ಯಾರ ಮನಿಯಿಂದ ಬಂತು?" ಎಂದಳು ಗೌರಮ್ಮ.

ಈರಣ್ಣ ಗಾದಿಗನೂರೆಂದು ಹೇಳಲು ಬಾಯಿ ತೆರೆದ. ಅಜ್ಜ ಅವನ ತೋಳು ಹಿಡಿದರು.

"ನಮ್ಮ ಮನಿಯಿಂದ ಯವ್ವಾ. ತಪ್ಪು ನಂದು. ಖಾಲಿ ತೂಗಿದೆ. ಆಮ್ಯಾಲ ನೀಲಮ್ಮ ಹೇಳಿದಂಗ ತುಂಬಿ ತಂದೀನಿ. ನಿನ್ನೆ ಹೆಸರಿಟ್ಟೀವಿ, ಓಣಿಗೆಲ್ಲಾ ಗುಗ್ಗರಿ ಹಂಚೀವಿ. ಈಕಿನ ಸೋದರತ್ತಿ, ಬೆನ್ನು ಇನ್ನೂ ನೋಯಾಕತ್ತೈತಿ, ಕೇಳ್ರಿ."

ಗೌರಮ್ಮ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ.

"ಕೂಸು?" ಎಂದಳು.

"ಕಲ್ಲು" ಎಂದರು ಅಜ್ಜ. "ಗುಂಡಪ್ಪಂತ. ಭಾಳ ಗಟ್ಟಿ ಕೂಸು. ಬಿಸಿಲು, ಮಳಿ, ದಂಡು, ಎಲ್ಲಾ ನೋಡೈತಿ. ಒಂದು ಕೂದಲು ಕೊಂಕಿಲ್ಲ."

ಒಳಗಿನಿಂದ ಪಾರ್ವತಿಯ ದನಿ ಬಂತು.

"ಅತ್ತಿ, ತಗೊಳ್ರಿ."

"ಏನಂತೀಯ ನೀನು? ಕಲ್ಲು ಮಲಗಿದ ಸರಪಳಿ—"

"ಅದಕ್ಕ ತಗೊಳ್ರಿ" ಎಂದಳು ಪಾರ್ವತಿ. "ಹೂವಿನಂಥಾವು ಎರಡು ಬಂದು ಹೋದವು. ಇದು ಕಲ್ಲಿನ ಬೆನ್ನಿಗೆ ಬಂದ ಗಟ್ಟಿ ಕೂಸು ಆಗಲಿ."

ಗೌರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಬರ್ರಿ ಅಜ್ಜಾರ, ನೀವ ಸಿಗಿಸಿ ಕೊಡ್ರಿ. ನಿಮಗ ರೂಢಿ ಐತಲ್ಲ" ಎಂದಳು.

ಅಜ್ಜ ಸ್ಟೂಲು ಹತ್ತಿ ಕೊಂಡಿಗೆ ಸರಪಳಿ ಸಿಕ್ಕಿಸಿದರು. ಈರಣ್ಣ ತೊಟ್ಟಿಲು ಕಟ್ಟಿದ. ಹೆಂಗಸರು ಪಾರ್ವತಿಯನ್ನು ಎಬ್ಬಿಸಿ ಕರೆತರುವುದರಲ್ಲಿ ಹೊತ್ತಾಯಿತು. ಬೀದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಕೂಸನ್ನು ತಂದು ಒಳಗೆ ಮಲಗಿಸುವವರೆಗೂ ಅಜ್ಜ ನಾಲ್ಕು ಗಿಳಿಗಳನ್ನೂ ಎರಡು ಕೈಗಳಲ್ಲಿ ಒಟ್ಟಿಗೆ ಹಿಡಿದು, ಒಂದೂ ಅಲುಗದಂತೆ ನಿಂತಿದ್ದರು.